ಮ್ಯಾನುವಲ್ಲೋ ಆಟೋಮ್ಯಾಟಿಕ್ಕೋ: ಬೆಳಗಾವಿಯಲ್ಲಿ ಟರ್ಬೊ ಸೆಡಾನ್ ಕೊಂಡ ಅನುಭವ

ಗಾಡಿಗೆ ಕೆಎ-22 ನಂಬರ್ ಬಿದ್ದು ರಸ್ತೆಗೆ ಇಳಿದದ್ದು ಈಚೆಗೆ. ಯಾವ ಮಾಡೆಲ್, ಯಾವ ಬಣ್ಣ ಎಂಬುದೆಲ್ಲ ಬೇಗ ತೀರ್ಮಾನವಾಗಿತ್ತು. ತಲೆ ತಿಂದದ್ದು ಗೇರ್‌ಬಾಕ್ಸ್. ಅದೇ ಎಂಜಿನ್, ಅದೇ ವೇರಿಯಂಟ್, ಆದರೆ ಮ್ಯಾನುವಲ್ ಬೇಕೋ ಆಟೋಮ್ಯಾಟಿಕ್ ಬೇಕೋ ಎಂದು ಕೇಳಿದರೆ ಶೋರೂಮಿನಲ್ಲಿ ಸಿಗುವ ಉತ್ತರ ಒಂದೇ: “ಈಗ ಎಲ್ಲಾರೂ ಆಟೋಮ್ಯಾಟಿಕ್ಕೇ ತೊಗೊಳ್ಳಾಕತ್ತಾರ್ರೀ ಸರ್, ಮ್ಯಾನುವಲ್ ಕೇಳೋರು ಭಾಳ ಕಡಿಮಿ.” ಸಂಜೆ ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ನಿಲ್ಲುವವರು, ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗುವವರು, ತಿಂಗಳಿಗೊಮ್ಮೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರು ಆ ಮಾತಿನ ಮೇಲೆ ಹದಿನೈದು ಹದಿನೆಂಟು ಲಕ್ಷ ಹಾಕಲಾಗದು. ಅದಕ್ಕೇ ಹಾದಿಯನ್ನೆಲ್ಲ ಮೊದಲಿನಿಂದ ಬರೆಯುತ್ತಿದ್ದೇನೆ.

ಪಟ್ಟಿ ಚಿಕ್ಕದು. ಇಪ್ಪತ್ತು ಲಕ್ಷದೊಳಗೆ ನಿಜಕ್ಕೂ ಓಡುವ ಸೆಡಾನ್ ಎಂದರೆ ಮೂರು ಹೆಸರು. ಫೋಕ್ಸ್‌ವ್ಯಾಗನ್ ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾ ಎರಡರಲ್ಲೂ ಇರುವುದು ಒಂದೇ 1.5 ಲೀಟರ್ ಟಿಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್. ಶಕ್ತಿ 150 ಪಿಎಸ್ (ಅಶ್ವಶಕ್ತಿ), ಟಾರ್ಕ್ (ತಿರುಗಿಸುವ ಬಲ) 250 ನ್ಯೂಟನ್ ಮೀಟರ್. 2023ರಲ್ಲಿ ಬಂದ ಹೊಸ ಹ್ಯುಂಡೈ ವೆರ್ನಾದ 1.5 ಟರ್ಬೊದಲ್ಲಿ 160 ಪಿಎಸ್, 253 ನ್ಯೂಟನ್ ಮೀಟರ್. ಈ ಎಂಜಿನ್‌ಗಳಿಗೆ ಆರು ಗೇರಿನ ಮ್ಯಾನುವಲ್, ಇಲ್ಲವೇ ಏಳು ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್. ಇದಕ್ಕಿಂತ ಮೇಲಿನ ಆಕ್ಟೇವಿಯಾ ಆರ್‌ಎಸ್, ಬಿಎಂಡಬ್ಲ್ಯು ಎಂ340ಐ ನಮ್ಮ ದೇಶದಲ್ಲಿ ಆಟೋಮ್ಯಾಟಿಕ್‌ನಲ್ಲಿ ಮಾತ್ರ ಬಂದಿವೆ, ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಕೆಳಗಿನ ಮಟ್ಟದಲ್ಲೂ ಮ್ಯಾನುವಲ್ ಯಾವ ವೇರಿಯಂಟ್‌ನಲ್ಲಿ ಉಳಿದಿದೆ, ಯಾವುದರಲ್ಲಿ ತೆಗೆದರು ಎಂಬುದು ಆಗಾಗ ಬದಲಾಗುತ್ತದೆ. ಆದ್ದರಿಂದ ಹಳೆಯ ಕರಪತ್ರ ನಂಬದೆ ಅವತ್ತಿನ ದರಪಟ್ಟಿಯನ್ನೇ ಕೇಳಿ ಪಡೆಯಿರಿ.

ಆಟೋಮ್ಯಾಟಿಕ್ ಎಂದರೆ ಎಲ್ಲವೂ ಒಂದೇ ಅಲ್ಲ. ಶೋರೂಮಿಗೆ ಹೋಗುವ ಮುನ್ನ ತಿಳಿದಿರಬೇಕಾದ ಮುಖ್ಯ ಸಂಗತಿ ಇದೇ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆ ತಿರುಗುತ್ತದೆ, ಆಮೆ ವೇಗದಲ್ಲಿ ಎಷ್ಟು ಹೊತ್ತು ತೆವಳಿದರೂ ಸವೆಯಲು ಅಲ್ಲಿ ಕ್ಲಚ್ ಪ್ಲೇಟ್ ಇಲ್ಲ. ವರ್ಟಸ್, ಸ್ಲಾವಿಯಾದ 1.0 ಲೀಟರ್ ಎಂಜಿನ್‌ಗೆ ಇಂಥದ್ದೇ ಇದೆ, ಆದರೆ ಅದರ ಶಕ್ತಿ 115 ಪಿಎಸ್, ಟಾರ್ಕ್ 178 ನ್ಯೂಟನ್ ಮೀಟರ್. ಹೋಂಡಾ ಸಿಟಿಯ ಸಿವಿಟಿ (ಗೇರುಗಳ ಬದಲು ಬೆಲ್ಟ್ ಮೇಲೆ ಓಡುವ ಆಟೋಮ್ಯಾಟಿಕ್) ನಯವಾಗಿ ಓಡುತ್ತದೆ, ಆದರೆ ಪೂರ್ತಿ ಒತ್ತಿದಾಗ ಎಂಜಿನ್ ಕೂಗುವಷ್ಟು ಗಾಡಿ ಮುಂದೆ ಹೋಗುವುದಿಲ್ಲ. ಓಡಿಸುವ ಖುಷಿಗೆ ಕೊಳ್ಳುವವರಿಗೆ ಅದು ಹಿಡಿಸದು. 1.5 ಟರ್ಬೊಗಳಲ್ಲಿರುವುದು ಡ್ರೈ ಡ್ಯುಯಲ್ ಕ್ಲಚ್. ಒಂದು ಕ್ಲಚ್ 1, 3, 5, 7ನೇ ಗೇರುಗಳಿಗೆ. ಇನ್ನೊಂದು 2, 4, 6ಕ್ಕೆ. ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಎಂಬ ಡ್ಯುಯಲ್ ಕ್ಲಚ್‌ನಲ್ಲಿ ರಿವರ್ಸ್ ಸಹ ಈ ಎರಡನೆಯದರ ಮೇಲೆಯೇ. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ತಯಾರಿರುತ್ತದೆ, ಹಾಗಾಗಿ ಗೇರ್ ಬದಲಾದದ್ದು ತಿಳಿಯುವುದೇ ಇಲ್ಲ. ಹೆದ್ದಾರಿಯಲ್ಲಿ ಇದರ ಸಮಕ್ಕೆ ಬರುವುದು ಕಡಿಮೆ. ಆದರೆ ಈ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿಲ್ಲ. ತೆವಳುವಾಗ ಅವು ಅರ್ಧ ಹಿಡಿದು ಅರ್ಧ ಜಾರುತ್ತವೆ, ಆ ಶಾಖವನ್ನು ಹೊತ್ತೊಯ್ಯಲು ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಶಾಖ ಮಿತಿ ಮೀರಿದರೆ ಗಾಡಿ ಜಗ್ಗಾಡಿ ಎಚ್ಚರಿಕೆ ತೋರಿಸುತ್ತದೆ. ಬದಿಗೆ ನಿಲ್ಲಿಸಿ, ಪಿ (ಪಾರ್ಕ್) ಹಾಕಿ, ಆರಲು ಬಿಡಬೇಕು.

ಇದೇ ಬಗೆಯ ಗೇರ್‌ಬಾಕ್ಸ್‌ಗಾಗಿ ಫೋಕ್ಸ್‌ವ್ಯಾಗನ್ 2013ರಲ್ಲಿ ಚೀನಾದಲ್ಲಿ 3.8 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಸಿತ್ತು. ಆ ಬಳಿಕ ಸುಧಾರಣೆಗಳಾಗಿವೆ, ಹೆದರಿ ದೂರ ಸರಿಯಬೇಕಿಲ್ಲ. ಆದರೆ ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಕೊಳ್ಳುವುದು ಬೇಡ.

ಮೊದಲು ಮಾಡಿದ ಕೆಲಸ, ಇದ್ದ ಗಾಡಿಯಲ್ಲೇ ಲೆಕ್ಕ ಬರೆಯುವುದು. ಕಿಲೋಮೀಟರ್ ಅಲ್ಲ, ನಿಮಿಷ. ಮೊದಲ ಮತ್ತು ಎರಡನೇ ಗೇರಿನಲ್ಲಿ ತೆವಳಿದ್ದು ಎಷ್ಟು ಹೊತ್ತು, ಮೂರನೆಯದಕ್ಕಿಂತ ಮೇಲೆ ಓಡಿದ್ದು ಎಷ್ಟು ಹೊತ್ತು ಎಂದು ಫೋನಿನಲ್ಲಿ ಗುರುತು ಹಾಕಿಕೊಂಡರೆ ಕೆಲ ವಾರಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಬೆಳಗಾವಿಯಲ್ಲಿ ಚನ್ನಮ್ಮ ವೃತ್ತ, ಖಡೇಬಜಾರ್, ರೈಲ್ವೆ ಗೇಟುಗಳು ಕಾಟ ಕೊಡುವುದು ನಿಜ. ಆದರೆ ಅದು ಬೆಂಗಳೂರಿನಂತೆ ಗಂಟೆಗಟ್ಟಲೆ ಅಲ್ಲ, ಗೇಟ್ ತೆರೆದರೆ ಮುಗಿಯಿತು. ನಮ್ಮ ಲೆಕ್ಕದಲ್ಲಿ ಹೆಚ್ಚು ತೆವಳಾಟ ಬಂದದ್ದು ಪೇಟೆಯಿಂದಲ್ಲ, ಗೋಕಾಕ, ಚಿಕ್ಕೋಡಿ ಕಡೆಯ ರಸ್ತೆಗಳಿಂದ. ನುರಿಸುವ ಹಂಗಾಮು ಶುರುವಾದರೆ ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಎದುರಿನಿಂದ ಲಾರಿ, ಬದಿಗೆ ಕರಿಮಣ್ಣು. ಅಲ್ಲಿ ಬೇಕಾದದ್ದು ಎರಡು ಗುಣ: ಬಹಳ ನಿಧಾನ ಹೋಗುವಾಗ ಬಿಸಿಯಾಗಬಾರದು, ಜಾಗ ಸಿಕ್ಕ ಕ್ಷಣ ಚಿಮ್ಮಬೇಕು.

ಆಮೇಲೆ ಟೆಸ್ಟ್ ಡ್ರೈವ್. ತಾಳ್ಮೆ ಪರೀಕ್ಷೆ ಆದದ್ದು ಇಲ್ಲೇ. ಆಟೋಮ್ಯಾಟಿಕ್ ಗಾಡಿ ಬಾಗಿಲಲ್ಲೇ ನಿಂತಿರುತ್ತದೆ, ಮ್ಯಾನುವಲ್ ಊರಿನಲ್ಲೇ ಇರುವುದಿಲ್ಲ. “ಹುಬ್ಬಳ್ಳಿಯಿಂದ ತರಸ್ತೀವ್ರೀ” ಎಂದವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ನಡುವೆ “1.0 ಮ್ಯಾನುವಲ್ ಹೊಡ್ದು ನೋಡ್ರಿ, ಎರಡೂ ಒಂದ ನಮೂನಿ” ಎಂಬ ಸಲಹೆ ಬರುತ್ತದೆ. ಒಪ್ಪಬೇಡಿ. ಕ್ಲಚ್‌ನ ಬಿಗಿ, ಗೇರ್ ಅನುಪಾತ, ಟರ್ಬೊ ಎತ್ತಿಕೊಳ್ಳುವ ಜಾಗ ಎಲ್ಲವೂ ಬೇರೆ. ಕೊಳ್ಳುವ ಎಂಜಿನ್, ಕೊಳ್ಳುವ ಗೇರ್‌ಬಾಕ್ಸ್ ಎರಡೂ ಒಂದೇ ಗಾಡಿಯಲ್ಲಿ ಸಿಗುವವರೆಗೆ ಬುಕಿಂಗ್ ಹಣ ಕೊಡಬಾರದು. ನಾವು ಹುಬ್ಬಳ್ಳಿಗೇ ಹೋಗಿ ಓಡಿಸಿ ಬಂದೆವು, ಮುಂಚೆಯೇ ಹಾಗೆ ಮಾಡುವುದು ಸುಲಭ. ಸೆಲ್ಫ್ ಡ್ರೈವ್ ಬಾಡಿಗೆಗೆ ಅದೇ ಮಾಡೆಲ್ ಸಿಕ್ಕರೆ ಒಂದು ದಿನ ಪೂರ್ತಿ ಓಡಿಸಿ ನೋಡುವುದು ಇನ್ನೂ ಒಳ್ಳೆಯದು. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿದ್ದರೆ ಮಾತ್ರ ಅದು ಕಾನೂನುಬದ್ಧ ಬಾಡಿಗೆ ಗಾಡಿ.

ಟೆಸ್ಟ್ ಡ್ರೈವಿನಲ್ಲಿ ಸೇಲ್ಸ್ ಹುಡುಗ ಕರೆದೊಯ್ಯುವ ಹಾದಿ ಸಮತಟ್ಟು, ಖಾಲಿ. ಅಲ್ಲಿ ಎರಡೂ ಚೆಂದವೇ ಓಡುತ್ತವೆ. ನೋಡಬೇಕಾದ್ದು ಬೇರೆ ಕಡೆ.

ಮೊದಲನೆಯದು ತೆವಳಾಟ. ಮಧ್ಯಾಹ್ನ ಎಸಿ ಹಾಕಿ, ನಾಲ್ಕು ಜನ ಕೂತು, ದಟ್ಟಣೆಯಲ್ಲಿ ಕಾಲು ಗಂಟೆಯಾದರೂ ಹೋಗಿ. ಡ್ಯುಯಲ್ ಕ್ಲಚ್‌ನಲ್ಲಿ ಬ್ರೇಕನ್ನು ಅರ್ಧ ಒತ್ತಿ ಹಿಡಿದರೆ ಕ್ಲಚ್ ಉಜ್ಜುತ್ತಲೇ ಇರುತ್ತದೆ. ಗಟ್ಟಿಯಾಗಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಅದರ ನಿಯಮ ಒಂದೇ: ನಿಂತರೆ ಪೂರ್ತಿ ನಿಲ್ಲಿ, ಮುಂದೆ ಒಂದೆರಡು ಗಾಡಿಯಷ್ಟು ಜಾಗವಾದ ಮೇಲೆ ಹೊರಡಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿ ಹಿಡಿಯುವುದು ಈ ಕ್ಲಚ್‌ಗೆ ಮಾರಕ. ಮೊದಲನೆಯದರಿಂದ ಎರಡಕ್ಕೆ ಹೋಗುವಾಗ ನಡುಕ ಬರುತ್ತದೆಯೇ, ಬ್ರೇಕ್ ಬಿಟ್ಟ ಮೇಲೆ ಹೊರಡಲು ತಡೆಯುತ್ತದೆಯೇ ಗಮನಿಸಿ. ಹಿಂದಿನವರು ಜಾಗ ಬಿಡದೆ ಹಾರ್ನ್ ಹೊಡೆಯುವ ನಮ್ಮ ರಸ್ತೆಗಳಲ್ಲಿ ಈ ನಿಯಮ ಪಾಲಿಸುವಷ್ಟು ಸಮಾಧಾನ ಇದೆಯೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಎರಡನೆಯದು ಮನೆಯ ರ‍್ಯಾಂಪ್. ಇದನ್ನು ಯಾರೂ ಹೇಳುವುದಿಲ್ಲ. ಬೆಳಗಾವಿಯ ಮಳೆಗೆ ಹೆದರಿ ಬಹಳ ಮನೆಗಳನ್ನು ರಸ್ತೆಗಿಂತ ಎತ್ತರಕ್ಕೆ ಕಟ್ಟಿದ್ದಾರೆ, ಗೇಟಿನ ಮುಂದೆ ಕಡಿದಾದ ಇಳಿಜಾರು. ರಿವರ್ಸ್‌ನಲ್ಲಿ ಅದನ್ನು ಏರಿಸುವಾಗ ಡ್ಯುಯಲ್ ಕ್ಲಚ್ ಗಾಡಿ ಮಿಲಿಮೀಟರ್ ಲೆಕ್ಕದಲ್ಲಿ ಸರಿಯಬೇಕು, ಇಡೀ ಭಾರ ಜಾರುವ ಒಂದೇ ಕ್ಲಚ್ ಮೇಲೆ. ಟೆಸ್ಟ್ ಗಾಡಿಯನ್ನು ಮನೆಗೇ ತರಿಸಿ, ರಿವರ್ಸ್‌ನಲ್ಲಿ ಏರಿಸಿ, ಅರ್ಧದಲ್ಲಿ ನಿಲ್ಲಿಸಿ, ಮತ್ತೆ ಏರಿಸಿ. ಸುಟ್ಟ ವಾಸನೆ ಬಂದರೆ ಆ ಮನೆಗೆ ಆ ಗೇರ್‌ಬಾಕ್ಸ್ ಬೇಡ. ದಿನಕ್ಕೆರಡು ಸಲದ ಮಾತು ಅದು. ಮ್ಯಾನುವಲ್‌ಗೂ ಇದು ಕಷ್ಟವೇ, ಆದರೆ ಅಲ್ಲಿ ಕ್ಲಚ್ ಎಷ್ಟು ಹೊತ್ತು ಜಾರಬೇಕು ಎಂಬುದು ನಿಮ್ಮ ಕಾಲಿನಲ್ಲಿದೆ, ಸವೆದರೆ ಬದಲಿಸುವುದೂ ಅಗ್ಗ. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಬ್ರೇಕ್ ಹಿಡಿಯುವ ಹಿಲ್ ಹೋಲ್ಡ್ ಎರಡೂ ಬಗೆಯಲ್ಲಿ ಉಂಟು, ಕೆಲವೇ ಸೆಕೆಂಡು ಹಿಡಿದು ಬಿಟ್ಟುಬಿಡುತ್ತದೆ. ಅದನ್ನೇ ನೆಚ್ಚಬೇಡಿ.

ಮೂರನೆಯದು ಓವರ್‌ಟೇಕ್. ಏಳನೇ ಗೇರಿನಲ್ಲಿ 70ರ ವೇಗದಲ್ಲಿ ಸುಮ್ಮನೆ ಹೋಗುತ್ತಿರುವಾಗ ಒಮ್ಮೆಗೇ ಪೂರ್ತಿ ಒತ್ತಿ ನೋಡಿ. ಏಳರಿಂದ ಮೂರಕ್ಕೆ ಇಳಿಯಬೇಕು, ಎರಡೂ ಒಂದೇ ಕ್ಲಚ್‌ಗೆ ಸೇರಿದವು. ಹಾಗಾಗಿ ನೇರ ಜಿಗಿತ ಸಾಧ್ಯವಿಲ್ಲ, ನಡುವೆ ಇನ್ನೊಂದು ಕ್ಲಚ್ ಆಸರೆ ಬೇಕು. ಆ ಅರೆಗಳಿಗೆ ತಡ ಎದುರಿನಿಂದ ಬಸ್ ಬರುವಾಗ ಬಹಳ ದೊಡ್ಡದಾಗಿ ಕಾಣುತ್ತದೆ. ಮದ್ದು ಸುಲಭ: ಹೊರಗೆ ಬರುವ ಮುನ್ನವೇ ಎಸ್ (ಸ್ಪೋರ್ಟ್) ಮೋಡಿಗೆ ಎಳೆಯಿರಿ ಅಥವಾ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಇಳಿಸಿಕೊಂಡಿರಿ. ಆಗ ಡ್ಯುಯಲ್ ಕ್ಲಚ್ ಎಳೆಯುವ ಪರಿ ನೋಡಿದರೆ ಮನಸ್ಸು ಅಲ್ಲೇ ಸೋಲುತ್ತದೆ, ನಮ್ಮದೂ ಸೋತಿತ್ತು. ಮ್ಯಾನುವಲ್‌ನಲ್ಲಿ ಐದರಿಂದ ನೇರ ಮೂರಕ್ಕೆ ಹಾಕಿ ಕಾಯಬಹುದು. ಯಾವಾಗ ಏನಾಗುತ್ತದೆ ಎಂಬುದು ಪೂರ್ತಿ ಕೈಯಲ್ಲಿರುತ್ತದೆ.

ಮ್ಯಾನುವಲ್‌ನ ಸ್ವಂತ ದೋಷವನ್ನೂ ಹೇಳಬೇಕು. ಈ ಟರ್ಬೊ ಎಂಜಿನ್‌ಗಳ ಪೂರ್ತಿ ಟಾರ್ಕ್ ಸಿಗುವುದು 1500–1600 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುಗಳು) ದಾಟಿದ ಮೇಲೆ. ಅದರ ಕೆಳಗೆ ಎಂಜಿನ್ ಬಡವಾಗುತ್ತದೆ. ಸ್ಪೀಡ್ ಬ್ರೇಕರ್ ದಾಟಿ ಎರಡನೇ ಗೇರಿನಲ್ಲಿ ಹತ್ತು ಹದಿನೈದರ ವೇಗದಿಂದ ಏರು ಹತ್ತಿಸಿ ನೋಡಿ: ಎಳೆಯುತ್ತದೋ, ಮೊದಲನೆಯದಕ್ಕೆ ಇಳಿಸಬೇಕೋ? ಗೊಗ್ಗರಿಸುವ ಎಂಜಿನ್‌ಗೆ ಮೇಲಿನ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡುವುದು ನೇರ ಇಂಜೆಕ್ಷನ್ ಟರ್ಬೊಗಳಿಗೆ ಕೆಟ್ಟದ್ದು. ಇಂಧನ ಹೊತ್ತಿಗೆ ಮುಂಚೆ ಉರಿದು ಪಿಸ್ಟನ್‌ಗೆ ಏಟು ಬೀಳುವ ಅಪಾಯವಿದೆ. ಮೈಲೇಜ್ ಆಸೆಗೆ 40ರಲ್ಲೇ ಐದನೇ ಗೇರ್ ಹಾಕುವ ರೂಢಿ ಇದ್ದವರು ಅದನ್ನು ಬಿಡಬೇಕು, ಇಲ್ಲವಾದರೆ ಆಟೋಮ್ಯಾಟಿಕ್ಕೇ ಮೇಲು. ಮೈಲೇಜ್‌ನಲ್ಲಿ ಮ್ಯಾನುವಲ್ ಮುಂದು ಎಂಬ ಕಾಲವೂ ಹೋಯಿತು. ವೆರ್ನಾ ಟರ್ಬೊದ ಅಧಿಕೃತ ಅಂಕಿಯೇ ಮ್ಯಾನುವಲ್‌ಗೆ ಲೀಟರಿಗೆ 20, ಡ್ಯುಯಲ್ ಕ್ಲಚ್‌ಗೆ 20.6 ಕಿ.ಮೀ.

ಘಾಟಿನ ಇಳಿತವನ್ನು ನೋಡಲು ಚೋರ್ಲಾವರೆಗೆ ಟೆಸ್ಟ್ ಗಾಡಿ ಕೊಡುವುದಿಲ್ಲ. ಕೊಲ್ಲಾಪುರ ಹೆದ್ದಾರಿಯ ವಂಟಮೂರಿ ಘಾಟ್ ಸಾಕು. ಡಿಯಲ್ಲೇ (ಡ್ರೈವ್) ಬಿಟ್ಟು ಇಳಿಸಿದರೆ ಆಟೋಮ್ಯಾಟಿಕ್ ಮೇಲಿನ ಗೇರಿಗೆ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮ್ಯಾನುವಲ್ ಮೋಡಿಗೆ ಎಳೆದು ಎರಡು ಅಥವಾ ಮೂರರಲ್ಲಿ ಹಿಡಿದಿಡಲು ಬರುತ್ತದೆಯೇ ಎಂದು ಪರೀಕ್ಷಿಸಿ. ಕಣಕುಂಬಿ ಕಡೆಯ ಮಳೆ ಮಂಜಿನಲ್ಲಿ ಸುಟ್ಟ ಬ್ರೇಕ್ ಇಟ್ಟುಕೊಂಡು ಇಳಿಯುವ ಪ್ರಮೇಯ ಯಾರಿಗೂ ಬರಬಾರದು.

ಮನೆಯ ಹಿರಿಯರೂ ಓಡಿಸುವುದಿದ್ದರೆ ಅವರನ್ನು ಕೂರಿಸಿಯೇ ನೋಡಬೇಕು. ಕ್ಲಚ್ ಪೂರ್ತಿ ಒತ್ತುವಾಗ ಮೊಣಕಾಲು ಸ್ಟಿಯರಿಂಗ್ ಕೆಳಗೆ ತಾಗುತ್ತದೆಯೇ, ಎಡಗಾಲು ಇಡಲು ಜಾಗವಿದೆಯೇ ಎಂದು ನೋಡಿ. ಮೊಣಕಾಲು ನೋವಿದ್ದವರಿಗೆ ಮ್ಯಾನುವಲ್ ಕೊಡಿಸುವುದು ತಪ್ಪು. ಅಂಥ ಮನೆಯಲ್ಲಿ ಈ ಚರ್ಚೆಯೇ ಬೇಡ, ಟಾರ್ಕ್ ಕನ್ವರ್ಟರ್ ತೆಗೆದುಕೊಳ್ಳಿ.

ಇಷ್ಟಾದ ಮೇಲೆ ಸೇಲ್ಸ್ ಬಿಟ್ಟು ಸರ್ವಿಸ್ ಕೌಂಟರ್‌ಗೆ ಹೋಗಿ. ಮ್ಯಾನುವಲ್‌ನ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲ್. ಡ್ಯುಯಲ್ ಕ್ಲಚ್‌ನ ಕ್ಲಚ್ ಸೆಟ್, ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಮೆಕಟ್ರಾನಿಕ್ ಘಟಕ. ಎಲ್ಲದರ ಬಿಡಿಭಾಗ ದರ ಮತ್ತು ಕೂಲಿ ಬರೆಸಿಕೊಳ್ಳಿ. ಎರಡರ ನಡುವಿನ ಅಂತರ ಹಲವು ಪಟ್ಟು. ಇನ್ನೊಂದು ವಿಷಯ, ಈ ಕೆಲಸ ಬೆಳಗಾವಿಯಲ್ಲೇ ಆಗುತ್ತದೋ, ಗಾಡಿ ಬೇರೆ ಊರಿಗೆ ಹೋಗಬೇಕೋ ಎಂದು ಕೇಳಿ. ಉದ್ಯಮಬಾಗದ ಕಡೆ ಮ್ಯಾನುವಲ್ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಪಳಗಿದ ಕೈಗಳಿವೆ. ಡ್ಯುಯಲ್ ಕ್ಲಚ್‌ಗೆ ಕಂಪನಿಯ ಸಾಧನ, ಕಂಪ್ಯೂಟರ್ ಹೊಂದಾಣಿಕೆ ಎರಡೂ ಬೇಕು. ವಿಸ್ತರಿತ ವಾರಂಟಿಯ ಪುಸ್ತಕದಲ್ಲಿ ಹೊರಗಿಟ್ಟ ಭಾಗಗಳ ಪುಟ ಓದಿ: ಸವೆಯುವ ಭಾಗವೆಂದು ಕ್ಲಚ್ ಹೊರಗಿರುತ್ತದೆ, ಮೆಕಟ್ರಾನಿಕ್ ಒಳಗಿರುತ್ತದೆಯೇ ನೋಡಿ. ಡ್ಯುಯಲ್ ಕ್ಲಚ್ ಕೊಳ್ಳುವವರು ಆ ವಾರಂಟಿಗೆ ಹಣ ಹಾಕಲೇಬೇಕು.

ಹಣದ ವಿಷಯ. ಒಂದೇ ವೇರಿಯಂಟ್‌ನಲ್ಲಿ ಆಟೋಮ್ಯಾಟಿಕ್‌ಗೆ ಸುಮಾರು ಒಂದೂಕಾಲು ಲಕ್ಷ ಹೆಚ್ಚು ಎಂದು ಹಿಡಿಯಿರಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 17, ಆ ತೆರಿಗೆಯ ಮೇಲೆ ಶೇ. 11 ಸೆಸ್, ಒಟ್ಟು ಶೇ. 18.87. ಒಂದೂಕಾಲು ಲಕ್ಷದ ಮೇಲೆ ಇದೇ ಸುಮಾರು 23,600 ರೂಪಾಯಿ. ಹತ್ತು ಲಕ್ಷ ಮೀರಿದ ಗಾಡಿಗೆ ಶೇ. 1 ಟಿಸಿಎಸ್ (ಮಾರುವವರೇ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ) ಬೇರೆ, ಅದನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು. ವಿಮೆ ಸೇರಿದರೆ ಅಂತರ ಒಂದೂವರೆ ಲಕ್ಷ. ಎಂಜಿನ್ 1500 ಸಿಸಿ ಒಳಗಿರುವುದರಿಂದ ಮೂರು ವರ್ಷದ ಥರ್ಡ್ ಪಾರ್ಟಿ ಕಂತು ಎರಡಕ್ಕೂ ಒಂದೇ. 2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ಸೆಡಾನ್‌ಗಳ ಜಿಎಸ್‌ಟಿ, ಸೆಸ್ ಸೇರಿ, ಶೇ. 45ರಿಂದ ಶೇ. 40ಕ್ಕೆ ಇಳಿದಿದೆ, ಅದಕ್ಕೂ ಹಿಂದಿನ ದರಗಳನ್ನು ಹಿಡಿದು ಲೆಕ್ಕ ಹಾಕಬೇಡಿ. ಮಾರುವಾಗ ಆಟೋಮ್ಯಾಟಿಕ್‌ಗೆ ಬೇಡಿಕೆ ಹೆಚ್ಚು ಎಂಬ ವಾದ ವಾರಂಟಿ ಉಳಿದಿರುವವರೆಗೆ ಸರಿ. ವಾರಂಟಿ ಮುಗಿದ ಡ್ಯುಯಲ್ ಕ್ಲಚ್ ಕೊಳ್ಳಲು ಜನ ಹಿಂಜರಿಯುತ್ತಾರೆ.

ನಮ್ಮ ಲೆಕ್ಕ ಕೊನೆಗೆ ಮ್ಯಾನುವಲ್ ಕಡೆ ವಾಲಿತು. ಕಡಿದಾದ ರ‍್ಯಾಂಪ್, ಕಬ್ಬಿನ ಟ್ರ್ಯಾಕ್ಟರ್‌ಗಳು, ಘಾಟ್, ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ; ನಾಲ್ಕೂ ಒಂದೇ ದಿಕ್ಕಿಗೆ ತೋರಿಸಿದವು. ಸಮತಟ್ಟಾದ ಪಾರ್ಕಿಂಗ್ ಇದ್ದು, ವಾರ ವಾರ ಧಾರವಾಡ, ಹುಬ್ಬಳ್ಳಿ, ಬೆಂಗಳೂರು ಹೆದ್ದಾರಿ ಹಿಡಿಯುವವರಾಗಿದ್ದರೆ, ಐದು ವರ್ಷಕ್ಕೆ ಗಾಡಿ ಬದಲಿಸುವವರಾಗಿದ್ದರೆ ಡ್ಯುಯಲ್ ಕ್ಲಚ್ಚೇ ಸರಿ.

ಬುಕಿಂಗ್ ರಸೀದಿಯಲ್ಲಿ ಗೇರ್‌ಬಾಕ್ಸ್, ವೇರಿಯಂಟ್, ಬಣ್ಣ, ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದೆಲ್ಲ ಬರೆಸಿ. ಮ್ಯಾನುವಲ್ ಸ್ಟಾಕ್ ಇರುವುದಿಲ್ಲ, ಕಾಯಬೇಕು. ಕಾಯುವಾಗ “ಆಟೋಮ್ಯಾಟಿಕ್ ನಾಳೆನ ಕೊಡ್ತೀವಿ, ರಿಯಾಯಿತೀನೂ ಐತಿ” ಎಂಬ ಕರೆಗಳು ಬರುತ್ತವೆ, ಮನಸ್ಸು ಹೊಯ್ದಾಡುತ್ತದೆ. ಆಗ ಬರೆದಿಟ್ಟ ನಿಮಿಷಗಳ ಲೆಕ್ಕವನ್ನೇ ಮತ್ತೆ ತೆಗೆದು ನೋಡಿ. ಸಾಲಕ್ಕೆ ಆಧಾರ್, ಪ್ಯಾನ್, ಬ್ಯಾಂಕ್ ವಿವರ, ಆದಾಯ ತೆರಿಗೆ ದಾಖಲೆ ಸಾಕು. ಒಕ್ಕಲುತನದವರಾದರೆ ಉತಾರ (ಪಹಣಿ) ಮತ್ತು ಕಾರ್ಖಾನೆಯ ಕಬ್ಬಿನ ಬಿಲ್ಲು ಜೋಡಿಸಿಟ್ಟುಕೊಳ್ಳಿ. ಸಾಲದ ಮಂಜೂರಾತಿ ಪತ್ರದಲ್ಲಿ ವೇರಿಯಂಟ್ ಹೆಸರು ಆಟೋಮ್ಯಾಟಿಕ್ ಎಂದು ಬಿದ್ದಿದ್ದರಿಂದ ನಮ್ಮ ಹಣ ಬಿಡುಗಡೆ ನಿಂತಿತ್ತು, ಪತ್ರ ಕೈಗೆ ಬಂದ ಕೂಡಲೇ ಆ ಸಾಲು ನೋಡಿ.

ನೋಂದಣಿಗೆ ಮುನ್ನವೇ ಗಾಡಿ ಪರೀಕ್ಷಿಸಿ, ನಂಬರ್ ಬಿದ್ದ ಮೇಲೆ ವಾಪಸ್ ಇಲ್ಲ. ಚಾಸಿ ನಂಬರ್, ತಯಾರಿಕೆಯ ತಿಂಗಳು ನಮೂನೆ 22ಕ್ಕೆ (ತಯಾರಿಸಿದ ಕಂಪನಿಯ ಪ್ರಮಾಣಪತ್ರ) ಹೊಂದುತ್ತವೆಯೇ, ಮೀಟರಿನಲ್ಲಿ ಓಡಿದ ಕಿಲೋಮೀಟರ್ ಎಷ್ಟು ನೋಡಿ. ತಣ್ಣನೆಯ ಎಂಜಿನ್ ಚಾಲೂ ಮಾಡಿಸಿ, ಎಲ್ಲ ಗೇರ್ ಮತ್ತು ರಿವರ್ಸ್ ಹಾಕಿ ನೋಡಿ, ಗೇರ್‌ಬಾಕ್ಸ್ ಕೆಳಗೆ ಎಣ್ಣೆ ಜಿನುಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ನಮೂನೆ 20 (ನೋಂದಣಿ ಅರ್ಜಿ), 21 (ಮಾರಾಟ ಪತ್ರ), ವಿಮೆ, ತೆರಿಗೆ ಎಲ್ಲ ಶೋರೂಮಿನವರೇ ಮಾಡುತ್ತಾರೆ. ಹೆಸರಿನ ಅಕ್ಷರ, ವಿಳಾಸ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಮಾತ್ರ ನೀವೇ ಓದಿ.

ಮೊದಲ ಸಾವಿರ ಕಿಲೋಮೀಟರ್ ಎಂಜಿನ್ ಅನ್ನು ಗರಿಷ್ಠ ಆರ್‌ಪಿಎಂನ ಮೂರನೇ ಎರಡು ಭಾಗ ದಾಟಿಸಬೇಡಿ, ಆಮೇಲಿನ ಐನೂರರಲ್ಲಿ ನಿಧಾನಕ್ಕೆ ಏರಿಸಿ. ಹೊಸ ಕ್ಲಚ್ ಹೊಂದಿಕೊಳ್ಳುವವರೆಗೆ ತುಂಬು ಭಾರದಲ್ಲಿ ಘಾಟ್ ಏರಿಸುವುದು, ಟೈರ್ ಕೂಗುವಂತೆ ಹೊರಡುವುದು ಬೇಡ. ಮೆಕ್ಯಾನಿಕ್ ಒಬ್ಬರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಕ್ಲಚ್ ಮ್ಯಾಲ ಪಾದ ಇಟ್ಕೊಂಡ ಹೊಡೀಬ್ಯಾಡ್ರಿ, ಗೇರ್ ಹಿಡಿಕಿ ಮ್ಯಾಲ ಕೈ ಇಟ್ಕೊಂಡ ಕೂಡಬ್ಯಾಡ್ರಿ. ಗೇಟ್‌ನ್ಯಾಗ ನಿಂತ್ರ ನ್ಯೂಟ್ರಲ್ ಹಾಕಿ ಕಾಲ ತಗೀರಿ.” ಪಾದದ ಸಣ್ಣ ಭಾರವೂ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಬಿದ್ದು ಅದನ್ನು ಸವೆಸುತ್ತದೆ, ಹಿಡಿಕೆಯ ಮೇಲಿನ ಕೈಭಾರ ಒಳಗೆ ಗೇರ್ ಸರಿಸುವ ಸೆಲೆಕ್ಟರ್ ಫೋರ್ಕ್ ಸವೆಸುತ್ತದೆ.